ಸುಲಭವಾದುದು ಅಡುಗೆಯಲ್ಲವೇ?

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕ್ರಿಸ್‌ಮಸ್ ಕಾಲದ ಕೂಟಗಳಿಗೆ ಹೋದವರು ‘ಸಾಸೇಜ್ ಬಾಲ್’ ಎಂಬ ತಿನಿಸನ್ನು ಕಂಡಿರುತ್ತಾರೆ. ನಿಂಬೆಹಣ್ಣಿಗಿಂತ ಚಿಕ್ಕದಾದ, ಮೈಯೆಲ್ಲ ತರಿತರಿಯಾದ ಕಂದು ಉಂಡೆ. ಸಂಜೆ ಅತಿಥಿಗಳ ಮುಂದಿದ್ದುದೇ ಮರುದಿನ ಬೆಳಿಗ್ಗೆ ಕಾಫಿಯ ಜೊತೆಗೆ ಉಪಾಹಾರವೂ ಆಗುತ್ತದೆ. ಜಾರ್ಜಿಯಾದಲ್ಲಿರುವ ಮಗಳ ಮನೆಯಲ್ಲಿ ನಾನೂ ಇದರ ರುಚಿ ಕಂಡೆ. ಕೊಡಗಿನವನಾದ ನನಗೆ ಹಂದಿಮಾಂಸ ಹೊಸದಲ್ಲ. ಆದರೆ ಅಲ್ಲಿನ ನಮ್ಮ ಬಂಧುಗಳೊಬ್ಬರು, “ಡಬ್ಬದ ಹಿಟ್ಟು ಸುರಿದು ಕಲಸಿದರೆ ಅದೂ ಒಂದು ಅಡುಗೆಯೇ?” ಎಂದು ಮೂಗು ಮುರಿದರು. ಆ ಮಾತನ್ನು ನಾನು ಒಪ್ಪಲಾರೆ.

ಆ ಹಿಟ್ಟಿನ ಹೆಸರು ಬಿಸ್ಕ್ವಿಕ್. ಮೈದಾ, ಕೊಬ್ಬು, ಉಪ್ಪು, ಉಬ್ಬಿಸುವ ಪುಡಿಗಳನ್ನು ಮೊದಲೇ ಬೆರೆಸಿದ ಈ ಮಿಶ್ರಣವನ್ನು ಜನರಲ್ ಮಿಲ್ಸ್ ಕಂಪನಿ 1931ರಲ್ಲಿ ಮಾರುಕಟ್ಟೆಗೆ ತಂದಿತು. ರೈಲಿನ ಬಾಣಸಿಗನೊಬ್ಬ ಹೀಗೆ ಬೆರೆಸಿ ಮಂಜುಗಡ್ಡೆಯ ಮೇಲೆ ಇಟ್ಟುಕೊಂಡಿದ್ದುದನ್ನು ಕಂಪನಿಯ ಮಾರಾಟಾಧಿಕಾರಿ ಕಂಡದ್ದೇ ಅದರ ಮೂಲವೆನ್ನುತ್ತಾರೆ. ಎಂದಮೇಲೆ ಈ ಉಪಾಯ ಸೋಮಾರಿಯದಲ್ಲ, ಕಸುಬುದಾರನದು. (ಆ ಬಂಧುಗಳ ಕಪಾಟಿನಲ್ಲಿ ರವೆ ಇಡ್ಲಿ ಮಿಶ್ರಣದ ಪೊಟ್ಟಣಗಳು ಎಷ್ಟಿದ್ದವೆಂಬುದನ್ನು ಹೇಳದಿರುವುದೇ ಸೌಜನ್ಯ.)

ಇನ್ನು ಶ್ರಮವೇ ಇಲ್ಲವೆಂಬುದೂ ಸುಳ್ಳು. ಮೂರು ಕಪ್ ಹಿಟ್ಟಿಗೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಹಸಿ ಸಾಸೇಜ್. ಅಷ್ಟೇ ತೂಕದ ಚೆಡ್ಡರ್ ಚೀಸ್. ಈ ಸಾಸೇಜ್ ಕವಚದೊಳಗೆ ತುಂಬಿದ್ದಲ್ಲ, ಸೇಜ್ ಎಂಬ ಸೊಪ್ಪು ಮತ್ತು ಕಾಳುಮೆಣಸು ಬೆರೆಸಿದ ಖೀಮಾ. ಮೂರರಲ್ಲಿಯೂ ಉಪ್ಪಿರುವುದರಿಂದ ಮತ್ತೆ ಹಾಕಬಾರದು. ಚೀಸನ್ನು ಮನೆಯಲ್ಲೇ ತುರಿಯಬೇಕು. ತುರಿದೇ ಬರುವ ಚೀಸಿಗೆ ಎಳೆಗಳು ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದರಿಂದ ಉಂಡೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಮಾಂಸದ ಜಿಡ್ಡಿನಲ್ಲೇ ಹಿಟ್ಟು ಒಂದಾಗುವವರೆಗೆ ಕೈಯಿಂದ ನಾದಬೇಕು. ಚಮಚ ಇಲ್ಲಿ ಕೆಲಸಕ್ಕೆ ಬಾರದು. ಅಂಗುಲದಷ್ಟು ಉಂಡೆ ಕಟ್ಟಿ, 350 ಡಿಗ್ರಿ ಫ್ಯಾರನ್‌ಹೀಟ್ ಕಾದ ಓವನ್ನಿನಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಹಂದಿಯ ಖೀಮಾ ಆದ್ದರಿಂದ ಉಂಡೆಯ ನಡುವಿನ ಶಾಖ 160 ಡಿಗ್ರಿ ಮುಟ್ಟಲೇಬೇಕು. ಬಣ್ಣವನ್ನು ನಂಬುವಂತಿಲ್ಲ.

ನನ್ನ ತಾಯಿ ಹಬ್ಬದ ದಿನ ಕಾಚಂಪುಳಿ ಹಾಕಿ ಪಂದಿಕರಿ ಮಾಡಿ, ಕಡಂಬುಟ್ಟು ಕಟ್ಟಿ ಹಬೆಯಲ್ಲಿ ಬೇಯಿಸುತ್ತಿದ್ದರು. ಅಂಥ ರುಚಿ ಮತ್ತೆ ಸಿಕ್ಕಿಲ್ಲ. ಆದರೆ ಬಂದ ನೆಂಟರೊಡನೆ ಅವರು ಕುಳಿತು ನಾಲ್ಕು ಮಾತಾಡಿದ್ದನ್ನೂ ನಾನು ನೋಡಲಿಲ್ಲ. ಹೆಂಗಸು ಒಲೆಯ ಮುಂದೆ ಕಳೆದ ಗಂಟೆಗಳಿಂದ ಅಡುಗೆಯ ಹಿರಿಮೆಯನ್ನು ಅಳೆಯುವ ಆ ಲೆಕ್ಕವನ್ನು ಕಡಲು ದಾಟಿಸಿ ತರುವ ಅಗತ್ಯ ಏನಿತ್ತು?

ಕಚೇರಿಗೆ ಹೋಗುವ ನನ್ನ ಮಗಳು ವಾರ ಮೊದಲೇ ಉಂಡೆ ಕಟ್ಟಿ ಫ್ರೀಜರಿನಲ್ಲಿಡುತ್ತಾಳೆ. ಕೂಟದ ದಿನ ಅವು ಹಾಗೆಯೇ ಓವನ್ನಿಗೆ ಹೋಗುತ್ತವೆ. ಕೆಲವು ನಿಮಿಷ ಹೆಚ್ಚು ಬೇಕು, ಅಷ್ಟೆ. ಅವು ಬೇಯುವಷ್ಟು ಹೊತ್ತು ಅವಳು ಅತಿಥಿಗಳ ನಡುವೆ ಇರುತ್ತಾಳೆ. ತಟ್ಟೆಯ ಪಕ್ಕದಲ್ಲಿಡಲು ‘ಹಂದಿಮಾಂಸವಿದೆ’ ಎಂದು ಚೀಟಿ ಬರೆಯುವ ಕೆಲಸ ನನ್ನದು; ಮೇಷ್ಟರ ಅಕ್ಷರ ದೂರದಿಂದಲೂ ಕಾಣುತ್ತದಂತೆ.