ಎಲೆ ಹಳದಿಯಾದರೆ ಯೂರಿಯಾನೇ ಯಾಕೆ?

ನಾನು ಬಿ.ಕಾಂ ಓದಿದವನು, ಗಿಡದ ಡಾಕ್ಟರ್ ಅಲ್ಲ. ಆದರೂ ಪುಣೆಯಲ್ಲಿ ಕೂತು ಊರಿನ ತೋಟಕ್ಕೆ ಫೋನಿನಲ್ಲೇ ಮದ್ದು ಹೇಳುವ ಚಟ ನಮ್ಮಂಥವರಿಗೆಲ್ಲ ಇದ್ದದ್ದೇ ಅಲ್ವಾ!

ಹೋದ ವರ್ಷ ವಿಜಯಪುರದ ಕಡೆಯಿಂದ ಅಣ್ಣನ ಫೋನು. ದ್ರಾಕ್ಷಿ ಚಾಟ್ನಿ ಆಗಿ ಇಪ್ಪತ್ತೈದು ದಿನ ಆಗಿತ್ತು. "ಎಲಿ ಹಳದಿ ಆಗ್ಯಾವೋ ತಮ್ಮಾ." "ಯೂರಿಯಾ ಕಮ್ಮಿ ಆಗಿರಬೇಕು, ಹಾಕಣ್ಣಾ" ಅಂದುಬಿಟ್ಟೆ. ಹಾಕಿದ. ಹಳದಿ ಹೋಗಲಿಲ್ಲ.

ದೀಪಾವಳಿಗೆ ಹೋಗುವಾಗ ಕೃಷಿ ಓದಿದ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಬೆಳಿಗ್ಗೆ ಎಲೆಯ ತೊಟ್ಟು ಕಿತ್ತು, ಚೂರು ಮಾಡಿ, ಹಿಂಡಿ, ನಾಲ್ಕು ಹನಿ ರಸವನ್ನು ಒಂದು ಪುಟ್ಟ ಮೀಟರಿಗೆ ಬಿಟ್ಟರು. ನೈಟ್ರೇಟ್ ಧಾರಾಳ! ಗಿಡ ಸಾರಜನಕ ಕೇಳಿರಲೇ ಇಲ್ಲ. ಸಾರಜನಕ ಕಮ್ಮಿಯಾದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ, ಯಾಕೆಂದರೆ ಗಿಡ ಅಲ್ಲಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಇಲ್ಲಿ ಚಿಗುರೇ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇನ್ನೂ ಮಜಾ ಅಂದರೆ, ಇಂಥ ಹಳದಿ ಎಲೆಯನ್ನು ಒಣಗಿಸಿ ಪರೀಕ್ಷೆ ಮಾಡಿದರೆ ಒಟ್ಟು ಕಬ್ಬಿಣ ಸಾಕಷ್ಟಿದೆ ಅಂತಲೇ ವರದಿ ಬರಬಹುದು. ಖಾತೆಯಲ್ಲಿ ದುಡ್ಡಿದೆ, ಆದರೆ ಲೀನ್ ಹಾಕಿದ್ದಾರೆ... ನನಗೆ ಅರ್ಥವಾಗಿದ್ದು ಹೀಗೆ.

ಫೆರಸ್ ಸಲ್ಫೇಟ್ ಸಿಂಪಡಿಸಿದ ಮೇಲೆ ಚಿಗುರು ಹಸಿರಾಯಿತು. ಅಷ್ಟರಲ್ಲಿ ಇಳುವರಿಗೆ ಏಟು ಬಿದ್ದಾಗಿತ್ತು. ಅಣ್ಣ ಇವತ್ತಿಗೂ ಆ ಮಾತು ಎತ್ತಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತದೆ.

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡು 12 ಅಂಶಗಳ ಲೆಕ್ಕ ಕೊಡುತ್ತದೆ, ಒಳ್ಳೆಯದೇ. ಆದರೆ ಅದು ಮಣ್ಣಿನಲ್ಲಿ ಏನಿದೆ ಅಂತ ಹೇಳುತ್ತದೆ, ಗಿಡ ಏನು ಕುಡಿಯಿತು ಅಂತ ಅಲ್ಲ. ಇಲ್ಲೇ ಪುಣೆ ಹತ್ತಿರ ಮಾಂಜರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಹೂ ಬಿಟ್ಟಾಗ ಗೊಂಚಲಿನ ಎದುರಿನ ಎಲೆಯ ತೊಟ್ಟು ತೆಗೆದು ಪರೀಕ್ಷೆ ಮಾಡಿಸುವುದು ದ್ರಾಕ್ಷಿಯವರಿಗೆ ಹೊಸದೇನಲ್ಲ. ರಸದ ಮೀಟರಿನಿಂದ ಇನ್ನೂ ಬೇಗ ಗೊತ್ತಾಗುತ್ತದೆ, ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನೀರು ಹಾಯಿಸಿದರೆ, ಬಿಸಿಲೇರಿದರೆ ಅಂಕಿ ಬದಲಾಗುತ್ತದೆ. ಪ್ರತಿ ಸಲವೂ ಅದೇ ಹೊತ್ತು, ಅದೇ ವಯಸ್ಸಿನ ಎಲೆ ಬೇಕು.

ಬೆಳೆಸಾಲಕ್ಕೆ ನಾವು ಪಹಣಿ ಕೇಳುತ್ತೇವೆ, ಗೊಬ್ಬರದ ಖರ್ಚು ಎಣಿಸುತ್ತೇವೆ. ಆ ಗೊಬ್ಬರ ಬೇಕೋ ಬೇಡವೋ ಅಂತ ನೋಡುವ ಪರೀಕ್ಷೆಗೂ ಅದೇ ಸಾಲದಲ್ಲಿ ಒಂದಿಷ್ಟು ತೆಗೆದಿಡಬೇಕು ಅನ್ನೋದು ನನ್ನ ವಾದ. ಇಷ್ಟು ವರ್ಷದ ನೌಕರಿಯಲ್ಲಿ ನನಗೇ ಇದು ಹೊಳೆದಿರಲಿಲ್ಲ ಬಿಡಿ.

ಈಗ ಅಣ್ಣ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ಯಾವ ಎಲಿ ಅಣ್ಣಾ, ಮ್ಯಾಲಿಂದೋ ಕೆಳಗಿಂದೋ?"