ಹವಾಮಾನ ಮುನ್ಸೂಚನೆ: ವರ್ತಕರು ಓದಬೇಕಾದ ಬಗೆ

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬುದು ಬೇಸಾಯಗಾರರ ಗಾದೆ. ಆದರೆ ಅಂಗಳದಲ್ಲಿ ಅಡಿಕೆ ಹರಡಿದವರಿಗೆ, ಮಾರುಕಟ್ಟೆ ಪ್ರಾಂಗಣದಲ್ಲಿ ಮೆಣಸಿನಕಾಯಿ ರಾಶಿ ಹಾಕಿದವರಿಗೆ, ಹಸಿ ಇಟ್ಟಿಗೆ ಒಣಗಲಿಟ್ಟವರಿಗೆ ಅಕಾಲದ ಮಳೆ ಕೇಡೇ ಸರಿ. 2021ರ ನವೆಂಬರ್‌ನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸುರಿದ ಮಳೆ ಕಾಫಿ, ಭತ್ತ, ರಾಗಿಗೆ ತಂದ ಹಾನಿಯನ್ನು ವರ್ತಕ ವಲಯ ಇನ್ನೂ ಮರೆತಿಲ್ಲ. ಹೀಗಿದ್ದರೂ ‘ಇಲಾಖೆಯವರು ಮಳೆ ಎಂದರೆ ಬಿಸಿಲು ಖಚಿತ’ ಎಂಬ ಕುಹಕ ಪೇಟೆಯಲ್ಲಿ ಕೇಳಿಬರುತ್ತಲೇ ಇದೆ. ಈ ಕುಹಕಕ್ಕೆ ಮುನ್ಸೂಚನೆಯ ದೋಷಕ್ಕಿಂತ ಅದನ್ನು ಓದುವ ಕ್ರಮದಲ್ಲಿನ ದೋಷವೇ ಹೆಚ್ಚು ಕಾರಣ.

ಮೊದಲನೆಯದಾಗಿ, ಮುನ್ಸೂಚನೆಯ ಪದಗಳಿಗೆ ನಿರ್ದಿಷ್ಟ ಅರ್ಥವಿದೆ. ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಹೆಚ್ಚೆಂದರೆ ಶೇ 25ರಷ್ಟು ಕೇಂದ್ರಗಳಲ್ಲಿ ಮಳೆ. ‘ಬಹುತೇಕ ಕಡೆ’ ಎಂದರೆ ಶೇ 75ಕ್ಕೂ ಹೆಚ್ಚು ಕೇಂದ್ರಗಳಲ್ಲಿ. ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಒಂದೆರಡು ಕಡೆ ಮಳೆ ಎಂದ ದಿನ ತನ್ನ ಅಂಗಡಿಯ ಮುಂದೆ ಹನಿ ಬೀಳಲಿಲ್ಲವೆಂದು ಮುನ್ಸೂಚನೆ ಸುಳ್ಳಾಯಿತೆನ್ನುವುದು ನ್ಯಾಯವಲ್ಲ.

ಎರಡನೆಯದಾಗಿ, ಈ ಮುನ್ಸೂಚನೆಗೆ ಆಧಾರವಾದ ಗಣಿತ ಮಾದರಿಗಳ ಸ್ವರೂಪವನ್ನು ಅರಿಯಬೇಕು. ವಾಯುಮಂಡಲವನ್ನು ಚೌಕಗಳಾಗಿ ವಿಭಜಿಸಿ, ಇಂದಿನ ಗಾಳಿ, ಉಷ್ಣತೆ, ತೇವಾಂಶಗಳಿಂದ ನಾಳಿನ ಸ್ಥಿತಿಯನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಮಾದರಿಯಲ್ಲಿ ಈ ಚೌಕದ ಅಳತೆ 12 ಕಿಲೋಮೀಟರ್‌ನಿಂದ 6ಕ್ಕೆ ಇಳಿದಿರುವುದು ಸ್ವಾಗತಾರ್ಹ. ಆದರೂ ಒಂದು ಗುಡುಗುಮೋಡ ಯಾವ ಬೀದಿಯ ಮೇಲೆ ಸುರಿಯುವುದೆಂದು ಅದು ಹೇಳಲಾರದು. ಆರಂಭದ ಅಳತೆಯಲ್ಲಿನ ಅಲ್ಪ ವ್ಯತ್ಯಾಸವೂ ದಿನ ಕಳೆದಂತೆ ಬೆಳೆಯುತ್ತದೆ. ಆದಕಾರಣ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಲೆಕ್ಕವನ್ನು ಹಲವು ಬಾರಿ ಮಾಡಲಾಗುತ್ತದೆ. 20 ಲೆಕ್ಕಗಳಲ್ಲಿ 6 ಮಳೆ ತೋರಿಸಿದರೆ ಸಂಭವ ಸುಮಾರು ಶೇ 30 ಎಂದರ್ಥ.

ಶೇ 30ರ ಸಂಭವವೆಂದರೆ ಮಾಡಬೇಕಾದುದೇನು? ಇದಕ್ಕೆ ಉತ್ತರವಿರುವುದು ವರ್ತಕರ ಲೆಕ್ಕದ ಪುಸ್ತಕದಲ್ಲಿ. ಉದಾಹರಣೆಗೆ, ರಾಶಿಗೆ ಟಾರ್ಪಾಲು ಹೊದಿಸಲು ಕೂಲಿ ಸೇರಿ 2,000 ರೂಪಾಯಿ ವೆಚ್ಚ, ನೆನೆದರೆ 20,000 ರೂಪಾಯಿ ನಷ್ಟವೆಂದಿರಲಿ. ಇಂತಹ ಹತ್ತು ದಿನಗಳಲ್ಲಿ ಪ್ರತಿ ಸಲವೂ ಹೊದಿಸಿದರೆ ಒಟ್ಟು ವೆಚ್ಚ 20,000. ಹೊದಿಸದಿದ್ದರೆ ಸರಾಸರಿ ಮೂರು ದಿನ ನೆನೆದು ನಷ್ಟ 60,000. ಏಳು ದಿನ ಟಾರ್ಪಾಲು ‘ವ್ಯರ್ಥ’ವಾದರೂ ಹೊದಿಸಿದವರೇ ಗೆದ್ದರು. ಇನ್ನೊಬ್ಬರಿಗೆ ಒಂದು ದಿನ ಕೆಲಸ ನಿಲ್ಲಿಸಲು 15,000 ವೆಚ್ಚ, ಮಳೆ ಬಂದರೆ ನಷ್ಟ 20,000 ಎಂದಾದರೆ, ಸಂಭವ ಶೇ 75 ದಾಟುವವರೆಗೆ ಕೆಲಸ ಮುಂದುವರಿಸುವುದೇ ಲಾಭದಾಯಕ. ಮುನ್ಸೂಚನೆ ಒಂದೇ, ನಿರ್ಧಾರಗಳು ಎರಡು, ಎರಡೂ ಸರಿ. ವೆಚ್ಚವನ್ನು ನಷ್ಟದಿಂದ ಭಾಗಿಸಿದರೆ ಪ್ರತಿಯೊಬ್ಬರಿಗೂ ತಮ್ಮ ಗಡಿರೇಖೆ ದೊರೆಯುತ್ತದೆ. ಚಿಕ್ಕ ಉದ್ಯಮಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಈ ಭಾಗಾಕಾರವನ್ನು ಹಂಗಾಮಿಗೊಮ್ಮೆ ಮಾಡಿದರೆ ಸಾಕು.

ಋತುಮಾನದ ಮುನ್ಸೂಚನೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. 2023ರ ಏಪ್ರಿಲ್‌ನಲ್ಲಿ ಇಲಾಖೆಯು ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96ರಷ್ಟಿರುವುದೆಂದೂ, ಇದರಲ್ಲಿ ಶೇ 5ರಷ್ಟು ಹೆಚ್ಚುಕಡಿಮೆ ಆಗಬಹುದೆಂದೂ ಹೇಳಿತ್ತು. ಸುರಿದದ್ದು ಶೇ 94. ಮುನ್ಸೂಚನೆ ತಪ್ಪಲಿಲ್ಲ. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಇಡೀ ದೇಶದ ಸರಾಸರಿಯನ್ನು ನೆಚ್ಚಿ ತನ್ನ ತಾಲ್ಲೂಕಿನ ಬೇಡಿಕೆಗೆ ಸರಕು ತುಂಬಿಸಿಕೊಂಡವರಿಗೆ ಆ ಅಂಕಿಯಿಂದ ಉಪಯೋಗವಾಗಲಿಲ್ಲ.

ಇಲಾಖೆಯ ಪ್ರಕಟಣೆಗಳಲ್ಲಿ ಸಂಭವಕ್ಕೂ ಶ್ರೇಣಿಗಳಿವೆ: ಶೇ 25ರಿಂದ 50, 50ರಿಂದ 75, 75ಕ್ಕಿಂತ ಹೆಚ್ಚು. ಆದರೆ ಜನರನ್ನು ತಲುಪುವಷ್ಟರಲ್ಲಿ ಇವೆಲ್ಲವೂ ‘ಮಳೆ ಸಾಧ್ಯತೆ’ ಎಂಬ ಎರಡೇ ಪದಗಳಾಗಿಬಿಡುತ್ತವೆ. ವರ್ತಕರಿಗೆ ಬೇಕಾದ ಅಂಕಿಯೇ ದಾರಿಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ವಾಣಿಜ್ಯ ಸಂಘಟನೆಗಳು ಪ್ರತಿ ಮಾರುಕಟ್ಟೆ ಪ್ರಾಂಗಣದಲ್ಲಿ ಧಾರಣೆಯ ಫಲಕದ ಪಕ್ಕದಲ್ಲೇ ಮಳೆಯ ಸಂಭವವನ್ನೂ ಶೇಕಡಾವಾರು ಬರೆಸುವ ವ್ಯವಸ್ಥೆಗೆ ಮುಂದಾಗಬೇಕು. ಮುನ್ಸೂಚನೆ ಏನಿತ್ತು, ಸುರಿದದ್ದೆಷ್ಟು ಎಂಬುದನ್ನು ಪ್ರತಿ ಘಟಕವೂ ವಹಿಯೊಂದರಲ್ಲಿ ದಾಖಲಿಸಬೇಕು. ಎರಡು ಮಳೆಗಾಲ ಕಳೆದರೆ, ಎಷ್ಟು ದಿನ ಮುಂಚಿನ ಮಾತನ್ನು ಎಷ್ಟು ನಂಬಬಹುದೆಂಬುದು ಆ ವಹಿಯಿಂದಲೇ ತಿಳಿಯುತ್ತದೆ. ಗಿರಾಕಿಯ ಸಾಲಯೋಗ್ಯತೆಯನ್ನು ಹಳೆಯ ಲೆಕ್ಕ ನೋಡಿ ಅಳೆಯುವ ವರ್ತಕ ಸಮುದಾಯಕ್ಕೆ ಇದು ಹೊಸ ವಿದ್ಯೆಯೇನಲ್ಲ.