ಚಿತ್ರ ನೋಡುವ ಯಂತ್ರಕ್ಕೆ ‘ಇಲ್ಲ’ ತಿಳಿಯುತ್ತದೆಯೇ?

ಎದೆಯ ಎಕ್ಸ್‌ರೇ ನೋಡಿ ವರದಿ ಬರೆಯುವ, ಕಣ್ಣು ಕಾಣದವರಿಗೆ ಎದುರಿಗಿರುವುದನ್ನು ಹೇಳುವ ತಂತ್ರಾಂಶಗಳು ಬಳಕೆಗೆ ಬರುತ್ತಿವೆ. ಅವು ಕನ್ನಡ ಮಾತಾಡುತ್ತ ನಮ್ಮ ಆಸ್ಪತ್ರೆಗಳಿಗೆ ಕಾಲಿಡುವ ಮುನ್ನವೇ ಈ ಎಚ್ಚರಿಕೆ ಹೇಳಬೇಕಾಗಿದೆ. ಇವುಗಳಲ್ಲಿ ಹಲವಕ್ಕೆ ವಸ್ತುಗಳ ಹೆಸರು ಗೊತ್ತು. ಯಾವುದು ಯಾವುದಕ್ಕೆ ಏನು ಮಾಡಿತು, ಏನು ಇಲ್ಲ ಎಂಬುದು ನೆಚ್ಚಿಕೊಳ್ಳುವಷ್ಟು ಗೊತ್ತಿಲ್ಲ.

ಇದರ ಬೇರು ಕಲಿಕೆಯ ವಿಧಾನದಲ್ಲೇ ಇದೆ. 2021ರಲ್ಲಿ ಓಪನ್‌ಎಐ ಹೊರತಂದ ಕ್ಲಿಪ್ ಮಾದರಿ ಅಂತರಜಾಲದ 40 ಕೋಟಿ ಚಿತ್ರ–ಬರಹ ಜೋಡಿಗಳಿಂದ ಕಲಿಯಿತು. ಚಿತ್ರವನ್ನೂ ಬರಹವನ್ನೂ ಅಂಕಿಗಳ ಸಾಲಾಗಿಸಿ, ಜೋಡಿಯಾದವನ್ನು ಹತ್ತಿರ ತರುವುದು, ಅಲ್ಲದವನ್ನು ದೂರ ತಳ್ಳುವುದು, ಇಷ್ಟೇ ಅದರ ಪಾಠ. ಕಲಿಕೆಗೆ ಒಮ್ಮೆಗೆ ಕೊಟ್ಟ ಜೋಡಿಗಳ ಗುಂಪಿನಲ್ಲಿ ಹಸುವಿನ ಚಿತ್ರ ಒಂದೇ ಇದ್ದರೆ ‘ಹಸು’ ಎಂಬ ಪದ ಕಂಡರೆ ಸಾಕು, ಜೋಡಿ ಸಿಕ್ಕಿತು. ಹಸು ಹುಡುಗನನ್ನು ಅಟ್ಟಿತೋ, ಹುಡುಗ ಹಸುವನ್ನು ಅಟ್ಟಿದನೋ ಎಂದು ಬಿಡಿಸಿ ನೋಡುವ ಪ್ರಮೇಯವೇ ಬರುವುದಿಲ್ಲ.

2022ರ ವಿನೋಗ್ರೌಂಡ್ ಪರೀಕ್ಷೆ ಇದನ್ನು ಬಯಲಿಗೆಳೆಯಿತು. ಒಂದು ಚಿತ್ರದಲ್ಲಿ ಗಿಡಗಳು ಬಲ್ಬನ್ನು ಸುತ್ತುವರಿದಿವೆ, ಇನ್ನೊಂದರಲ್ಲಿ ಬಲ್ಬು ಗಿಡಗಳನ್ನು. ಇಂಗ್ಲಿಷ್ ವಾಕ್ಯಗಳ ಪದಗಳು ಅವೇ, ಕ್ರಮ ಮಾತ್ರ ಬೇರೆ. ಇಂಥ 400 ಉದಾಹರಣೆಗಳಲ್ಲಿ ಮನುಷ್ಯರು ಬಹುಪಾಲನ್ನು ಸರಿಯಾಗಿ ಹೊಂದಿಸಿದರು. ಆಗಿನ ಮಾದರಿಗಳ ಅಂಕ ಕಣ್ಣುಮುಚ್ಚಿ ಊಹಿಸಿದಷ್ಟೇ ಇತ್ತು. ಆಮೇಲಿನವು ಸುಧಾರಿಸಿವೆ, ನಿಜ. ಆದರೆ 2025ರಲ್ಲಿ ಎಂಐಟಿ ಸಂಶೋಧಕರು ನಿಷೇಧದ ವಾಕ್ಯಗಳನ್ನು ಮುಂದಿಟ್ಟಾಗ ಹಲವು ಮಾದರಿಗಳು ‘ಇಲ್ಲ’ವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಚಿತ್ರದಲ್ಲಿ ಏನಿಲ್ಲವೆಂದು ಅಡಿಬರಹ ಬರೆಯುವವರು ಎಲ್ಲಿದ್ದಾರೆ? ವೈದ್ಯರ ವರದಿಯಾದರೋ ನಿಂತಿರುವುದೇ ಅದರ ಮೇಲೆ: ಶ್ವಾಸಕೋಶದ ಸುತ್ತ ನೀರಿಲ್ಲ, ಹೃದಯ ಹಿಗ್ಗಿಲ್ಲ, ಮೂಳೆ ಮುರಿದಿಲ್ಲ. ಅಲ್ಲಿ ಎಡವಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಕನ್ನಡದ ಮಟ್ಟಿಗೆ ಆತಂಕ ಇನ್ನೂ ಹೆಚ್ಚು. ಇಂಗ್ಲಿಷಿನಲ್ಲಿ ಪದದ ಸ್ಥಾನ ಮಾಡುವ ಕೆಲಸವನ್ನು ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಮಾಡುತ್ತದೆ. ನಿಷೇಧ ಎಷ್ಟೋ ಸಲ ‘ಕಾಣದ’, ‘ಮುರಿಯದ’ ಎಂದು ಕ್ರಿಯಾಪದದೊಳಗೇ ಅಡಗಿರುತ್ತದೆ. ಪದಗಳನ್ನು ತುಂಡರಿಸಿ ಓದುವ ಯಂತ್ರ ಆ ತುಣುಕಿಗೆ ಬೆಲೆ ಕೊಡದಿದ್ದರೆ ಅರ್ಥ ತಲೆಕೆಳಗಾಗುತ್ತದೆ. ಇಂಥ ಮಾದರಿಗಳನ್ನು ಪರೀಕ್ಷಿಸಲೆಂದು 2022ರಲ್ಲಿ ಗೂಗಲ್ ಸಂಶೋಧಕರು 3600 ಚಿತ್ರಗಳಿಗೆ 36 ಭಾಷೆಗಳ ಜನರಿಂದಲೇ ಅಡಿಬರಹ ಬರೆಸಿದರು. ಅದರಲ್ಲಿ ಹಿಂದಿ, ಬಂಗಾಳಿ, ತೆಲುಗು ಇವೆ, ಕನ್ನಡವಿಲ್ಲ.

ಇಂಗ್ಲಿಷಿನಲ್ಲಿ ಗಳಿಸಿದ ಅಂಕ ತೋರಿಸಿ ಕನ್ನಡಿಗರಿಗೆ ಮಾರಲು ಬಂದರೆ ಆರೋಗ್ಯ ಇಲಾಖೆ ಒಪ್ಪಬಾರದು. ಕನ್ನಡದಲ್ಲೇ ಹುಟ್ಟಿದ ವಾಕ್ಯಗಳ ಮೇಲೆ, ವಿಭಕ್ತಿ ಮತ್ತು ನಿಷೇಧವನ್ನು ಗುರಿಯಾಗಿಟ್ಟ ಪರೀಕ್ಷೆ ಟೆಂಡರಿನ ಷರತ್ತಾಗಲಿ. ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಕಂಪ್ಯೂಟರ್ ವಿಭಾಗಗಳು ಜೊತೆಗೂಡಿದರೆ ವಿನೋಗ್ರೌಂಡಿನಂತೆ ಕೆಲವು ನೂರು ಜೋಡಿಗಳಿಂದಲೇ ಆರಂಭಿಸಬಹುದು. ಎಕ್ಸ್‌ರೇಗೆ ಬೇಕಾದ ವಾಕ್ಯಗಳನ್ನು, ದಿನವೂ ರೋಗಿಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಜಿಲ್ಲಾಸ್ಪತ್ರೆಯ ವೈದ್ಯರೇ ಬರೆದುಕೊಡಲಿ.